ಬಿಲ್ ತಪ್ಪದೆ ಕಟ್ಟುವವರಿಗೂ ಕ್ರೆಡಿಟ್ ಕಾರ್ಡಿನ ಷರತ್ತುಗಳು ಗೊತ್ತಿರಬೇಕು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ರೆಡಿಟ್ ಕಾರ್ಡ್ ಅಂದ ತಕ್ಷಣ ಮಾತು ಸಾಲದಲ್ಲಿ ಮುಳುಗಿದವರ ಕಡೆ ಹೋಗುತ್ತದೆ. ಒಂದು ಕಾರ್ಡಿನಿಂದ ತೆಗೆದು ಇನ್ನೊಂದಕ್ಕೆ ಕಟ್ಟುವವರು, ವಸೂಲಿಯವರ ಫೋನ್‌ಗೆ ಹೆದರಿ ಸಿಮ್ ಬದಲಿಸಿದವರು, ಇಂಥ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಇವತ್ತು ನಾನು ಅವರ ಬಗ್ಗೆ ಮಾತಾಡುವುದಿಲ್ಲ. ಇಲ್ಲಿ ಕೂತಿರುವ ಹೆಚ್ಚಿನವರು ಬಿಲ್ ಬಂದ ಕೂಡಲೇ ಕಟ್ಟುವವರು. ಕೈಯಲ್ಲಿ ಇಲ್ಲದ ದುಡ್ಡನ್ನು ಖರ್ಚು ಮಾಡದವರು. 'ನಾನು ಸರಿಯಾಗಿ ಕಟ್ತೀನಲ್ಲ, ಆ ಷರತ್ತು ಗಿರತ್ತು ನನಗ್ಯಾಕೆ' ಅನ್ನುವವರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಈಗ ಪರಿಚಯದವರು ಸ್ಟೇಟ್‌ಮೆಂಟ್ ತಂದರೆ ಕೂತು ಓದಿ ಹೇಳುತ್ತೇನೆ. ಹಾಗೆ ಬರುವವರಲ್ಲಿ ಮುಕ್ಕಾಲು ಪಾಲು ನಿಮ್ಮಂಥವರೇ.

ಕಾರ್ಡಿನ ಒಪ್ಪಂದ ನಿಮ್ಮ ಗುಣ ನೋಡುವುದಿಲ್ಲ. ಅದು ಕೇಳುವುದು ಎರಡೇ ಪ್ರಶ್ನೆ. ಪೂರ್ತಿ ಕಟ್ಟಿದ್ರಾ? ಹೇಳಿದ ದಿನದೊಳಗೆ ಕಟ್ಟಿದ್ರಾ? ಎರಡಕ್ಕೂ ಹೌದು ಅಂದರೆ ನಿಮಗೆ ಬಡ್ಡಿ ಇಲ್ಲ. ಒಂದಕ್ಕೆ ಇಲ್ಲ ಅಂದರೂ, ಬಾಕಿ ಉಳಿದದ್ದು ನೂರು ರೂಪಾಯಿಯೋ ಲಕ್ಷವೋ, ನೀವು ಬೇರೆ ಸಾಲಿಗೆ ಹೋಗುತ್ತೀರಿ. ಮಧ್ಯದಲ್ಲಿ ಜಾಗವೇ ಇಲ್ಲ. ಎಷ್ಟೋ ವರ್ಷ ಸರಿಯಾಗಿ ಕಟ್ಟಿಕೊಂಡು ಬಂದು ಒಂದು ತಿಂಗಳು ಚೂರು ತಪ್ಪಿದವರಿಗೆ ಈ ಷರತ್ತುಗಳು ಬಹಳ ಕಠಿಣ. ಅವರೇ ಅದನ್ನು ಓದದೆ ಇರುವವರು.

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ನೋಡೋಣ. ಪೂರ್ತಿ ಬಿಲ್ ಕಟ್ಟುವ ನಿಮಗೆ ಬ್ಯಾಂಕು ಹೆಚ್ಚುಕಡಿಮೆ ಐವತ್ತು ದಿನದವರೆಗೆ ಬಡ್ಡಿ ಇಲ್ಲದೆ ದುಡ್ಡು ಕೊಡುತ್ತದೆ, ಮೇಲೆ ಪಾಯಿಂಟ್ ಬೇರೆ. ಧರ್ಮಕ್ಕೆ ಯಾರೂ ಮಾಡುವುದಿಲ್ಲ ಅಲ್ವಾ? ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ದುಡ್ಡು ಸೇರುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ಒಂದೂವರೆಯಿಂದ ಎರಡೂವರೆ ರೂಪಾಯಿಯಷ್ಟು ಎಂಡಿಆರ್ ಅಂತ ಮುರಿದುಕೊಳ್ಳುತ್ತಾರೆ. ಅದರ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಉಳಿದದ್ದು ಮೆಷಿನ್ ಇಟ್ಟ ಬ್ಯಾಂಕಿಗೆ, ಮತ್ತೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಥರದವರಿಗೆ. ಬ್ಯಾಂಕ್ ಖಾತೆಯಿಂದ ನೇರ ಯುಪಿಐ ಮಾಡಿದರೆ 2020ರ ಜನವರಿ 1ರಿಂದ ಈ ಎಂಡಿಆರ್ ಇಲ್ಲ. ಅದಕ್ಕೇ ಚಿಕ್ಕಪೇಟೆಯಲ್ಲೋ ಎಸ್‌ಪಿ ರೋಡಿನಲ್ಲೋ ಯುಪಿಐ ಅಂದರೆ ತಕ್ಷಣ ಕ್ಯೂಆರ್ ತೋರಿಸುವವರು, ಕ್ರೆಡಿಟ್ ಕಾರ್ಡ್ ಅಂದರೆ 'ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್' ಅನ್ನುತ್ತಾರೆ. ಆ ಎರಡು ಪರ್ಸೆಂಟ್ ಕೊಟ್ಟು ಒಂದು ಪರ್ಸೆಂಟ್ ಪಾಯಿಂಟ್ ತಗೊಂಡರೆ ನಷ್ಟ ನಿಮ್ಮದೇ.

ಬ್ಯಾಂಕಿನ ಇನ್ನೊಂದು ದೊಡ್ಡ ಆದಾಯ ಬಾಕಿ ಉಳಿಸಿಕೊಂಡವರು ಕಟ್ಟುವ ಬಡ್ಡಿ ಮತ್ತು ಶುಲ್ಕ. ನಮ್ಮ ದೇಶದಲ್ಲಿ ಈಗ ಕ್ರೆಡಿಟ್ ಕಾರ್ಡ್‌ಗಳ ಸಂಖ್ಯೆ 10 ಕೋಟಿ ದಾಟಿದೆ. ಹೆಚ್ಚಿನ ಕಾರ್ಡ್‌ಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3.5ರಿಂದ 3.75. ಕೇಳಲಿಕ್ಕೆ ಸಣ್ಣದು. ವರ್ಷಕ್ಕೆ ಲೆಕ್ಕ ಹಾಕಿ, ಶೇ 42ರಿಂದ 45.

ಈಗ ಬೋರ್ಡ್ ಕಡೆ ನೋಡಿ. ಈ ಲೆಕ್ಕ ಒಂದು ಸಲ ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ನಿಮ್ಮ ಬಿಲ್ ಪ್ರತಿ ತಿಂಗಳ 10ಕ್ಕೆ ತಯಾರಾಗುತ್ತದೆ, ಕಟ್ಟಲು ಕೊನೆಯ ದಿನ 30 ಅಂತ ಇಟ್ಟುಕೊಳ್ಳಿ. ಮಾರ್ಚ್ 20ರಂದು 49,000 ರೂಪಾಯಿಯ ಫ್ರಿಜ್, ಅದೇ ದಿನ 1,000 ರೂಪಾಯಿಯ ಚಪ್ಪಲಿ ತಗೊಂಡಿರಿ. ಏಪ್ರಿಲ್ 10ರ ಬಿಲ್‌ನಲ್ಲಿ 50,000 ಬಂತು. ಚಪ್ಪಲಿ ಅಳತೆ ಸರಿ ಇಲ್ಲ, ಏಪ್ರಿಲ್ 25ಕ್ಕೆ ವಾಪಸ್ ಕಳಿಸಿದಿರಿ. ದುಡ್ಡು ವಾಪಸ್ ಬರುತ್ತದೆ ಅಂತ ಮೆಸೇಜ್ ಬಂತು. ಹೇಗೂ ಅದು ಬರುವುದೇ ತಾನೇ ಅಂತ 1,000 ಕಳೆದು ಏಪ್ರಿಲ್ 30ರಂದು 49,000 ಕಟ್ಟಿದಿರಿ. ಚಪ್ಪಲಿಯ ದುಡ್ಡು ಕಾರ್ಡಿಗೆ ಬಂದದ್ದು ಮೇ 5ಕ್ಕೆ.

ನಿಮ್ಮ ಲೆಕ್ಕದಲ್ಲಿ ಬಾಕಿ ಸೊನ್ನೆ. ಬ್ಯಾಂಕಿನ ಲೆಕ್ಕದಲ್ಲಿ ನೀವು ಏಪ್ರಿಲ್ 30ಕ್ಕೆ ಪೂರ್ತಿ ಕಟ್ಟಲಿಲ್ಲ. ಕಡೇಪಕ್ಷ ಇಷ್ಟಾದರೂ ಕಟ್ಟಿ ಅಂತ ಬಿಲ್‌ನಲ್ಲಿ ಇರುವ ಮಿನಿಮಮ್ ಡ್ಯೂಗಿಂತ ಎಷ್ಟೋ ಜಾಸ್ತಿ ಕಟ್ಟಿದ್ದೀರಿ, ಹಾಗಾಗಿ ಲೇಟ್ ಫೀ ಬರುವುದಿಲ್ಲ. ಆದರೆ ಬಡ್ಡಿ ಇಲ್ಲದ ಅವಧಿಯ ಸೌಲಭ್ಯ ಹೋಯಿತು. ಹೋದ ಮೇಲೆ ಬಡ್ಡಿ ಲೆಕ್ಕ ಹಾಕುವುದು ಉಳಿದ ಸಾವಿರಕ್ಕೆ ಮಾತ್ರ ಅಂದುಕೊಂಡಿದ್ದೀರಾ? ಹೆಚ್ಚಿನ ಬ್ಯಾಂಕುಗಳ ಷರತ್ತಿನಲ್ಲಿ ಇರುವುದು ಹೀಗೆ: ಪೂರ್ತಿ ಕಟ್ಟದೇ ಇದ್ದರೆ ಪ್ರತಿ ಖರೀದಿಗೂ ಅದು ನಡೆದ ದಿನದಿಂದಲೇ ಬಡ್ಡಿ. ಅಂದರೆ 50,000 ರೂಪಾಯಿಗೆ ಮಾರ್ಚ್ 20ರಿಂದ ಏಪ್ರಿಲ್ 30ರವರೆಗೆ 41 ದಿನ. ವರ್ಷಕ್ಕೆ ಶೇ 45ರ ಹಾಗೆ ಅದು 2,527 ರೂಪಾಯಿ. ಆಮೇಲಿನ ಸಾವಿರಕ್ಕೆ ಐದು ದಿನದ ಬಡ್ಡಿ ಆರು ರೂಪಾಯಿ. ಇದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ಹತ್ತಿರ ಹತ್ತಿರ 3,000 ರೂಪಾಯಿ.

ಸಾವಿರ ರೂಪಾಯಿ ಐದು ದಿನ ತಡ ಆಗಿದ್ದಕ್ಕೆ ಮೂರು ಸಾವಿರ.

ನಮ್ಮ ಬೀದಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಐದು ಸಾವಿರದ ಬಾಕಿಗೆ ನಾಲ್ಕು ಸಾವಿರದ ಒಂಬೈನೂರು ಕೊಟ್ಟರೆ ಶೆಟ್ಟರು ಮುಂದಿನ ಪುಟದಲ್ಲಿ ನೂರು ರೂಪಾಯಿ ಅಂತ ಬರೆದುಕೊಳ್ಳುತ್ತಾರೆ, ಅಷ್ಟೇ. ಕಟ್ಟಿ ಮುಗಿಸಿದ ದುಡ್ಡಿಗೂ ಹಿಂದಿನ ತಾರೀಖಿನಿಂದ ಬಡ್ಡಿ ಕೇಳುವ ಪದ್ಧತಿ ಅಲ್ಲಿಲ್ಲ. ಕಾರ್ಡಿನಲ್ಲಿ ಇದೆ. ನನ್ನ ಮಟ್ಟಿಗೆ ಇದು ನ್ಯಾಯವಲ್ಲ. ಉಳಿದ ಬಾಕಿಗೆ ಎಷ್ಟು ಬೇಕಾದರೂ ಬಡ್ಡಿ ಹಾಕಲಿ, ದಿನದೊಳಗೆ ಕಟ್ಟಿದ ಭಾಗಕ್ಕೆ ಹಾಕಬಾರದು. ಈ ಒಂದು ಬದಲಾವಣೆ ಆದರೆ ಸರಿಯಾಗಿ ಕಟ್ಟುವವರಿಗೆ ಆಗುವ ಅನ್ಯಾಯದಲ್ಲಿ ದೊಡ್ಡ ಭಾಗ ಹೋಗುತ್ತದೆ.

ಬಡ್ಡಿಯ ಮೇಲೂ ಜಿಎಸ್‌ಟಿಯಾ ಅಂತ ಯಾರೋ ಕೇಳಿದಿರಿ. ಹೌದು. ಮನೆ ಸಾಲ, ಚಿನ್ನದ ಸಾಲ, ವಾಹನ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಆ ವಿನಾಯಿತಿಯಿಂದ ಕ್ರೆಡಿಟ್ ಕಾರ್ಡ್ ಬಡ್ಡಿಯನ್ನು ಹೊರಗೆ ಇಟ್ಟಿದ್ದಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇಎಂಐ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಅಲ್ಲಿಗೇ ಮುಗಿಯುವುದಿಲ್ಲ. ಬಾಕಿ ಉಳಿದಿರುವಾಗ ನೀವು ಮಾಡುವ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಹಾಲು, ತರಕಾರಿ, ಪೆಟ್ರೋಲ್, ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. ಮುಂದಿನ ಬಿಲ್ ಪೂರ್ತಿ ಕಟ್ಟಿದ ಮೇಲೂ ಅದರ ಮುಂದಿನ ಬಿಲ್‌ನಲ್ಲಿ ಸಣ್ಣದೊಂದು ಬಡ್ಡಿ ಕಾಣಿಸಬಹುದು. ಬಿಲ್ ತಯಾರಾದ ದಿನಕ್ಕೂ ನೀವು ಕಟ್ಟಿದ ದಿನಕ್ಕೂ ಮಧ್ಯದ ಬಡ್ಡಿ ಅದು. ಜನ ಇದನ್ನು ನೋಡಿ ಗಾಬರಿಯಾಗುತ್ತಾರೆ, ಇಲ್ಲಾ ಅರವತ್ತು ರೂಪಾಯಿ ತಾನೇ ಅಂತ ಬಿಟ್ಟುಬಿಡುತ್ತಾರೆ. ಬಿಟ್ಟರೆ ಅದು ಮತ್ತೆ ಬಾಕಿ. ಅದನ್ನೂ ಕಟ್ಟಿ ಪೂರ್ತಿ ಸೊನ್ನೆ ಮಾಡಿ.

ವಾಪಸ್ ಬರಬೇಕಾದ ದುಡ್ಡಿನ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕಟ್ಟುವ ದಿನಕ್ಕೆ ಮೊದಲೇ ಆ ದುಡ್ಡು ಕಾರ್ಡಿಗೆ ಬಂದರೆ ಬ್ಯಾಂಕು ಅದನ್ನು ಕೂಡಲೇ ನಿಮ್ಮ ಬಾಕಿಯಲ್ಲಿ ಹೊಂದಿಸಬೇಕು, ಹೊಂದಿಸಿದ್ದೇವೆ ಅಂತ ನಿಮಗೆ ತಿಳಿಸಬೇಕು. ಆದರೆ ಬಾರದ ದುಡ್ಡನ್ನು ನೀವಾಗಿ ಕಳೆಯಬೇಡಿ. ಬಿಲ್‌ನಲ್ಲಿ ಟೋಟಲ್ ಡ್ಯೂ ಅಂತ ಏನಿದೆಯೋ ಅದನ್ನು ಪೈಸೆ ಬಿಡದೆ ಕಟ್ಟಿ. ಆಮೇಲೆ ಬಂದದ್ದು ಜಮಾ ಆಗಿರುತ್ತದೆ, ಎಲ್ಲೂ ಹೋಗುವುದಿಲ್ಲ.

ಇದಕ್ಕೆ ಸುಲಭದ ದಾರಿ ಆಟೋಪೇ, ಅಂದರೆ ನಿಮ್ಮ ಖಾತೆಯಿಂದ ಬಿಲ್ ತಾನಾಗಿ ಕಟ್ಟಿಹೋಗುವ ವ್ಯವಸ್ಥೆ. ಅದನ್ನು ಹಾಕುವಾಗ ಟೋಟಲ್ ಡ್ಯೂನಾ ಮಿನಿಮಮ್ ಡ್ಯೂನಾ ಅಂತ ಕೇಳುತ್ತದೆ, ಅಲ್ಲಿ ಕೈ ತಪ್ಪಿ ಮಿನಿಮಮ್ ಅಂತ ಒತ್ತಿದವರು ಬಹಳ ಜನ ಇದ್ದಾರೆ, ಮನೆಗೆ ಹೋಗಿ ಒಂದು ಸಲ ತೆಗೆದು ನೋಡಿ. ಆ ದಿನ ಖಾತೆಯಲ್ಲಿ ದುಡ್ಡಿರಲಿ. ಇಲ್ಲದಿದ್ದರೆ ಖಾತೆ ಇರುವ ಬ್ಯಾಂಕೂ ದಂಡ ಹಾಕುತ್ತದೆ, ಕಾರ್ಡಿನವರೂ ಹಾಕುತ್ತಾರೆ. ಫೋನಿನ ಆ್ಯಪ್‌ಗಳಿಂದ ಕಟ್ಟುವವರು ಎರಡು ಮೂರು ದಿನ ಮೊದಲೇ ಕಟ್ಟಿ. ಅಪ್ಪಿತಪ್ಪಿ ದಿನ ಮರೆತರೆ ರಿಸರ್ವ್ ಬ್ಯಾಂಕ್ ಮೂರು ದಿನದ ರಕ್ಷಣೆ ಕೊಟ್ಟಿದೆ. ಕೊನೆಯ ದಿನ ಕಳೆದು ಮೂರು ದಿನ ಮೀರಿದ ಮೇಲಷ್ಟೇ ಲೇಟ್ ಫೀ ಹಾಕಬಹುದು, ನಮ್ಮ ಸಾಲದ ಲೆಕ್ಕ ಇಡುವ ಕ್ರೆಡಿಟ್ ಬ್ಯೂರೋಗೆ ಬಾಕಿದಾರ ಅಂತ ವರದಿ ಮಾಡಬಹುದು. ಬಡ್ಡಿ ವಿಷಯದಲ್ಲಿ ಮಾತ್ರ ಈ ಮೂರು ದಿನವನ್ನು ನೆಚ್ಚಿಕೊಳ್ಳಬೇಡಿ.

ಇನ್ನೊಂದು ಜಾತಿಯ ತೊಂದರೆ ಇದೆ. ಅದು ಕಾರ್ಡನ್ನು ಬಳಸದವರದ್ದು. ನನ್ನ ಹತ್ತಿರ ಬರುವವರಲ್ಲಿ ನನಗೆ ಅತಿ ಬೇಜಾರಾಗುವುದು ಇವರನ್ನು ನೋಡಿದಾಗ.

ಮಾಲ್‌ನಲ್ಲಿ ಟೇಬಲ್ ಹಾಕಿಕೊಂಡ ಹುಡುಗ, ಇಲ್ಲಾ ಸಂಬಳದ ಖಾತೆ ಇರುವ ಬ್ಯಾಂಕಿನಿಂದ ಬಂದ ಫೋನು. ಮೊದಲ ವರ್ಷ ಫ್ರೀ ಸಾರ್, ಸುಮ್ನೆ ಇಟ್ಕೊಳ್ಳಿ. ಇಟ್ಟುಕೊಂಡಿರಿ. ಬೀರುವಿನಲ್ಲಿ ಇಟ್ಟು ಮರೆತಿರಿ. ಎರಡನೇ ವರ್ಷ 500 ರೂಪಾಯಿ ವಾರ್ಷಿಕ ಶುಲ್ಕ, ಜಿಎಸ್‌ಟಿ ಸೇರಿ 590. ಬಿಲ್ ಹೋಗಿದ್ದು ನೀವು ಈಗ ನೋಡದ ಹಳೆಯ ಇಮೇಲ್‌ಗೆ. ಕಟ್ಟಲಿಲ್ಲ. ಅದಕ್ಕೆ ಲೇಟ್ ಫೀ, ಅದಕ್ಕೆ ಜಿಎಸ್‌ಟಿ, ಮುಂದಿನ ತಿಂಗಳು ಮತ್ತೆ. ಕ್ರೆಡಿಟ್ ರಿಪೋರ್ಟ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಇಷ್ಟು ದಿನದ ಬಾಕಿ ಅಂತ ಬರುತ್ತದೆ. ಒಂದು ರೂಪಾಯಿಯನ್ನೂ ಸಾಲ ಮಾಡದ ಮನುಷ್ಯ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಕಂಪ್ಯೂಟರ್ ನೋಡಿ ಆಗಲ್ಲ ಅಂತ ತಲೆ ಆಡಿಸುತ್ತಾರೆ. ಸಾಲ ಸಿಕ್ಕರೂ ಬಡ್ಡಿ ಕಾಲು ಪರ್ಸೆಂಟ್ ಜಾಸ್ತಿ ಆದರೆ ಇಪ್ಪತ್ತು ವರ್ಷಕ್ಕೆ ಅದು ಎಷ್ಟಾಗುತ್ತದೆ, ಯೋಚಿಸಿ.

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಕಾರ್ಡ್‌ಗಳ ಬಗ್ಗೆ ದೊಡ್ಡದೊಂದು ನಿರ್ದೇಶನ ಹೊರಡಿಸಿತು, 2024ರ ಮಾರ್ಚ್‌ನಲ್ಲಿ ಅದನ್ನು ತಿದ್ದಿತು. ನಮಗೆ ಬೇಕಾದ ಎಷ್ಟೋ ವಿಷಯ ಅದರಲ್ಲಿವೆ. ಕಾರ್ಡ್ ಕೊಟ್ಟು 30 ದಿನವಾದರೂ ನೀವು ಚಾಲೂ ಮಾಡದಿದ್ದರೆ ಬ್ಯಾಂಕು ನಿಮ್ಮಿಂದ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೆ ಏಳು ಕೆಲಸದ ದಿನಗಳಲ್ಲಿ ನಿಮಗೆ ಏನೂ ಖರ್ಚಿಲ್ಲದೆ ಮುಚ್ಚಬೇಕು. ನೀವು ಕೇಳದೇ ಕಾರ್ಡ್ ಕೊಟ್ಟು ಬಿಲ್ ಹಾಕಿದರೆ ಆ ಮೊತ್ತವನ್ನು ವಾಪಸ್ ಮಾಡುವುದಲ್ಲದೆ ಅದರ ಎರಡು ಪಟ್ಟು ದಂಡವನ್ನು ನಿಮಗೆ ಕೊಡಬೇಕು. ವರ್ಷಕ್ಕಿಂತ ಹೆಚ್ಚು ಬಳಸದ ಕಾರ್ಡನ್ನು ನಿಮಗೆ ತಿಳಿಸಿ, 30 ದಿನ ಉತ್ತರ ಬಾರದಿದ್ದರೆ ಬ್ಯಾಂಕೇ ಮುಚ್ಚಬೇಕು. ಇಲ್ಲಿ ಒಂದು ಕೊಕ್ಕೆ ಇದೆ. 'ಬಾಕಿ ಎಲ್ಲ ಕಟ್ಟಿದ್ದರೆ' ಅನ್ನುವ ಮಾತು ಸೇರಿಸಿದ್ದಾರೆ. ಬಳಸದ ಕಾರ್ಡಿಗೆ ಹಾಕಿದ ವಾರ್ಷಿಕ ಶುಲ್ಕವೇ ಬಾಕಿಯಾಗಿ ಕೂತರೆ ಅದು ತಾನಾಗಿ ಮುಚ್ಚುವುದಿಲ್ಲ. ಹಾಗಾಗಿ ಬ್ಯಾಂಕೇ ಮುಚ್ಚುತ್ತದೆ ಅಂತ ಕಾಯಬೇಡಿ, ನೀವೇ ಮುಚ್ಚಿಸಿ.

ಬ್ಯಾಂಕು ಕಾರ್ಡಿನ ಜೊತೆ ಕೊಡುವ ಷರತ್ತುಗಳ ಪಟ್ಟಿಗೆ ಎಂಐಟಿಸಿ ಅನ್ನುತ್ತಾರೆ, ಅತಿ ಮುಖ್ಯ ಷರತ್ತುಗಳು ಅಂತ. ಯಾರು ಓದುತ್ತಾರೆ ಸಾರ್ ಅಂತ ನೀವು ನಗಬಹುದು. ಆದರೆ ಕೋರ್ಟು ನೀವು ಓದಿದ್ದೀರಿ ಅಂತಲೇ ತಿಳಿದುಕೊಳ್ಳುತ್ತದೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರ ಜುಲೈನಲ್ಲಿ ಒಂದು ತೀರ್ಪು ಕೊಟ್ಟಿತ್ತು. ಬಿಲ್ ಕಟ್ಟಲು ತಪ್ಪಿದವರಿಗೆ ವರ್ಷಕ್ಕೆ ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಅದು ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. ಹದಿನಾರು ವರ್ಷ ಕಳೆದು, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಬಡ್ಡಿ ಎಷ್ಟಿರಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ವ್ಯಾಪ್ತಿಯ ವಿಷಯ, ಆಯೋಗದ್ದಲ್ಲ ಅಂದಿತು. ಕಾರ್ಡುದಾರರಿಗೆ ಷರತ್ತುಗಳನ್ನು ಮೊದಲೇ ತಿಳಿಸಲಾಗಿರುತ್ತದೆ ಅನ್ನುವುದೂ ಕೋರ್ಟ್ ಕೊಟ್ಟ ಕಾರಣಗಳಲ್ಲಿತ್ತು.

ಅಂದರೆ ಶೇ 45 ಬಡ್ಡಿಗೆ ಈಗ ಮೇಲಿನ ಮಿತಿ ಅಂತ ಒಂದಿಲ್ಲ, ನಿಮಗೆ ಗೊತ್ತಿರಲಿಲ್ಲ ಅನ್ನುವ ಮಾತೂ ನಡೆಯುವುದಿಲ್ಲ. ಹಾಗಿದ್ದ ಮೇಲೆ ಆ ಕಾಗದ ನಮಗೆ ಓದಲು ಬರುವ ಹಾಗೆ ಇರಬೇಕು. ಷರತ್ತುಗಳು ಸರಳ ಭಾಷೆಯಲ್ಲಿರಬೇಕು, ಸಾಧ್ಯವಾದಷ್ಟೂ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿರಲಿ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಹಾವೇರಿಯ ಮೇಷ್ಟ್ರು, ಪುತ್ತೂರಿನ ಅಡಿಕೆ ವ್ಯಾಪಾರಿ, ಬೆಂಗಳೂರಿನ ಕ್ಯಾಬ್ ಓಡಿಸುವ ಹುಡುಗ, ಎಲ್ಲರಿಗೂ ಈಗ ಕಾರ್ಡ್ ಕೊಡುತ್ತಾರೆ. ಫೋನ್ ಮಾಡಿ ಮಾರುವಾಗ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಷರತ್ತು ಮಾತ್ರ ಇಂಗ್ಲಿಷ್‌ನಲ್ಲಿ ಹತ್ತಾರು ಪುಟ. ಕಾರ್ಡ್ ತಗೊಳ್ಳುವಾಗ ಕನ್ನಡದ ಎಂಐಟಿಸಿ ಕೊಡಿ ಅಂತ ಕೇಳಿ. ಇಮೇಲ್‌ನಲ್ಲಿ ಕೇಳಿ, ದಾಖಲೆ ಉಳಿಯುತ್ತದೆ. ನಾವು ಯಾರೂ ಕೇಳದಿದ್ದರೆ ಅವರು ಯಾಕೆ ಕೊಡುತ್ತಾರೆ? ಪೂರ್ತಿ ಓದಲು ಆಗದವರು ಅರ್ಜಿಯ ಜೊತೆ ಬರುವ ಒಂದು ಪುಟದ ಮುಖ್ಯಾಂಶ ಪತ್ರವನ್ನಾದರೂ ಓದಿ. ಬಡ್ಡಿ ಎಷ್ಟು, ಯಾವ ಯಾವ ಶುಲ್ಕ ಅಂತ ಅದರಲ್ಲಿ ಇರಲೇಬೇಕು.

ಈಗ ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿ ಇಲ್ಲ ಅಂತ ಹೇಳಿ ಕೊಡುವ ತಿಂಗಳ ಕಂತು. ಲೆಕ್ಕ ಗೊತ್ತಿರುವವರೂ ಇದನ್ನು ಫ್ರೀ ಅಂದುಕೊಳ್ಳುತ್ತಾರೆ. 30,000 ರೂಪಾಯಿಯ ಫೋನು, ಆರು ತಿಂಗಳು, ತಿಂಗಳಿಗೆ 5,000. ಕೂಡಿದರೆ 30,000, ಸರಿಯಾಗಿದೆ. ಒಳಗೆ ನಡೆಯುವುದು ಬೇರೆ. ವರ್ಷಕ್ಕೆ ಶೇ 16 ಬಡ್ಡಿ ಅಂತ ಇಟ್ಟುಕೊಂಡರೆ ಸುಮಾರು 1,350 ರೂಪಾಯಿ ಬಡ್ಡಿ ಆಗುತ್ತದೆ. ಆ 1,350ನ್ನು ಮಾರುವವರು ಮೊದಲೇ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ, ಬ್ಯಾಂಕು ಅದನ್ನು ಬಡ್ಡಿಯಾಗಿ ತಗೊಳ್ಳುತ್ತದೆ. ನಿಮಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಬಡ್ಡಿ ಅಂತ ಇದ್ದ ಮೇಲೆ ಅದಕ್ಕೆ ಶೇ 18 ಜಿಎಸ್‌ಟಿ, ಆಗಲೇ ಹೇಳಿದೆನಲ್ಲ, ಅದು 240 ರೂಪಾಯಿ ಚಿಲ್ಲರೆ. ಪ್ರೊಸೆಸಿಂಗ್ ಫೀ 199 ಮತ್ತು ಅದರ ಜಿಎಸ್‌ಟಿ ಸೇರಿ 235. ಒಟ್ಟು 475 ರೂಪಾಯಿಯ ಆಸುಪಾಸು ಕೈಯಿಂದ ಹೋಗುತ್ತದೆ. ಒಂದೇ ಸಲ ಕಟ್ಟಿದ್ದರೆ ಸಿಗುತ್ತಿದ್ದ ರಿಯಾಯಿತಿ ಹೋಗಬಹುದು, ಪಾಯಿಂಟ್ ಸಿಗದೇ ಇರಬಹುದು. ಮಧ್ಯದಲ್ಲಿ ಮುಗಿಸುತ್ತೇನೆ ಅಂದರೆ ಅದಕ್ಕೂ ಶುಲ್ಕ. ತಗೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ, ಎಷ್ಟೋ ಮನೆಗಳಿಗೆ ಅದು ಅನುಕೂಲ. 475 ಕೊಡುತ್ತಿದ್ದೇನೆ ಅಂತ ಗೊತ್ತಿದ್ದು ತಗೊಳ್ಳಿ. ಅಸಲೆಷ್ಟು, ಬಡ್ಡಿಯೆಷ್ಟು, ರಿಯಾಯಿತಿಯೆಷ್ಟು ಅಂತ ಬ್ಯಾಂಕು ಬಿಡಿಸಿ ತೋರಿಸಬೇಕು, ಬಡ್ಡಿ ಇರುವುದನ್ನು ಬಡ್ಡಿ ಇಲ್ಲ ಅಂತ ಮುಚ್ಚಿಡಬಾರದು ಅನ್ನುವುದು ನಿಯಮ.

ವಿದೇಶಿ ಖರ್ಚಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಕ್ಕಳು ಹೊರದೇಶದಲ್ಲಿ ಓದಲು ಅರ್ಜಿ ಹಾಕುವಾಗ ಶುಲ್ಕ ಕಟ್ಟುವುದು ಅಪ್ಪ ಅಮ್ಮನ ಕಾರ್ಡಿನಿಂದಲೇ. ಹೆಚ್ಚಿನ ಕಾರ್ಡ್‌ಗಳಲ್ಲಿ ಇದಕ್ಕೆ ಶೇ 3.5 ಮಾರ್ಕಪ್ ಅನ್ನುವ ಹೆಚ್ಚುವರಿ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಲಕ್ಷ ರೂಪಾಯಿಗೆ 4,130. ಕಡಿಮೆ ಮಾರ್ಕಪ್ ಇರುವ ಕಾರ್ಡ್‌ಗಳೂ ಇವೆ, ದೊಡ್ಡ ಮೊತ್ತ ಕಟ್ಟುವ ಮೊದಲು ಹುಡುಕಿ. ಹೊರದೇಶದ ಅಂಗಡಿಯ ಮೆಷಿನ್ ರೂಪಾಯಿಯಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ದುಡ್ಡನ್ನೇ ಆರಿಸಿ. ರೂಪಾಯಿಯಲ್ಲಿ ಕಂಡರೆ ಸುಲಭ ಅನಿಸುತ್ತದೆ, ಆದರೆ ಮೆಷಿನ್‌ನವರು ತಮ್ಮ ದರ ಹಾಕುತ್ತಾರೆ, ನಿಮ್ಮ ಬ್ಯಾಂಕು ಅದಕ್ಕೂ ಬೇರೆ ಶುಲ್ಕ ಹಾಕಬಹುದು. ಮನೆಯಲ್ಲೇ ಕೂತು ರೂಪಾಯಿಯಲ್ಲಿ ಚಂದಾ ಕಟ್ಟಿದರೂ ಆ ಕಂಪನಿ ಹೊರದೇಶದಲ್ಲಿ ನೋಂದಣಿಯಾಗಿದ್ದರೆ ಸುಮಾರು ಶೇ 1 ಶುಲ್ಕ ಹಾಕುವ ಬ್ಯಾಂಕುಗಳಿವೆ. ಸ್ಟೇಟ್‌ಮೆಂಟ್‌ನಲ್ಲಿ ಏಳೆಂಟು ರೂಪಾಯಿಯ ಗೊತ್ತಿಲ್ಲದ ಸಾಲು ಕಂಡರೆ ಅದೇ ಇರಬಹುದು.

ಕಾರ್ಡ್ ಉಜ್ಜಿ ಎಟಿಎಂನಿಂದ ನಗದು ತೆಗೆಯಬೇಡಿ. ಅದಕ್ಕೆ ಬಡ್ಡಿ ಇಲ್ಲದ ಒಂದು ದಿನವೂ ಇಲ್ಲ, ಶುಲ್ಕ ಬೇರೆ.

ಪಾಯಿಂಟ್‌ಗಳ ಬಗ್ಗೆ ನಿಮಗೆಲ್ಲ ಉತ್ಸಾಹ ಇದೆ, ಗೊತ್ತು. ನೂರಕ್ಕೆ ಒಂದು ರೂಪಾಯಿ ಸಿಗುವ ಕಾರ್ಡಿನಲ್ಲಿ ವರ್ಷಕ್ಕೆ ಎರಡು ಲಕ್ಷ ಖರ್ಚು ಮಾಡಿದರೆ 2,000 ಬರುತ್ತದೆ. ಆಗಲೇ ನೋಡಿದ ಚಪ್ಪಲಿಯ ಲೆಕ್ಕದಲ್ಲಿ ಒಂದೇ ತಿಂಗಳಲ್ಲಿ ಹೋದದ್ದು 3,000. ಒಂದು ಲಕ್ಷ ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮನ್ನಾ ಅಂತಾರೆ, ಜನ ವರ್ಷದ ಕೊನೆಗೆ 590 ಉಳಿಸಲು ಬೇಡದ ಎಂಟು ಸಾವಿರದ ಸಾಮಾನು ತರುತ್ತಾರೆ. ಅದರಲ್ಲೂ ಪೆಟ್ರೋಲ್, ಬಾಡಿಗೆ, ವಾಲೆಟ್‌ಗೆ ಹಾಕಿದ ದುಡ್ಡನ್ನು ಆ ಲಕ್ಷದಲ್ಲಿ ಸೇರಿಸದ ಕಾರ್ಡ್‌ಗಳು ಬಹಳ. ಕಳೆದ ಕೆಲವು ವರ್ಷಗಳಲ್ಲಿ ಷರತ್ತು ಬದಲಾದದ್ದೂ ಹೆಚ್ಚಾಗಿ ಇಂಥ ಕಡೆಗಳಲ್ಲೇ. ಏರ್‌ಪೋರ್ಟ್ ಲೌಂಜ್‌ಗೆ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಅಂತ ಬಂತು. ಬಾಡಿಗೆ ಕಟ್ಟಿದರೆ ಶೇ 1 ಶುಲ್ಕ ಬಂತು. ತಿಂಗಳಿಗೆ 50,000 ದಾಟಿದ ಕರೆಂಟ್, ನೀರಿನ ಥರದ ಬಿಲ್‌ಗಳಿಗೂ ಕೆಲವು ಬ್ಯಾಂಕುಗಳು ಶೇ 1 ಹಾಕಿದವು. ಬಡ್ಡಿಯೇ ಕಟ್ಟದ, ಲೆಕ್ಕ ಹಾಕಿ ಬಳಸುವವರ ಲಾಭವನ್ನು ಕಡಿಮೆ ಮಾಡುವ ಬದಲಾವಣೆಗಳು ಇವು. ಬ್ಯಾಂಕಿನ ದೃಷ್ಟಿಯಲ್ಲಿ ಅದಕ್ಕೆ ಕಾರಣ ಇದೆ, ನಾನು ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಐದು ವರ್ಷದ ಹಿಂದೆ ಯಾವುದೋ ಸೌಲಭ್ಯ ನೋಡಿ ತಗೊಂಡ ಕಾರ್ಡಿನಲ್ಲಿ ಆ ಸೌಲಭ್ಯ ಈಗ ಇದೆಯಾ ಅಂತ ವರ್ಷಕ್ಕೊಮ್ಮೆ ನೋಡಬೇಕಾದದ್ದು ನಾವು. ಶುಲ್ಕ ಬದಲಿಸಿದರೆ ಕಡೇಪಕ್ಷ ಒಂದು ತಿಂಗಳು ಮೊದಲೇ ತಿಳಿಸಬೇಕು. ಆ ಬದಲಾವಣೆ ಬೇಡ ಅಂತ ನೀವು ಕಾರ್ಡ್ ಬಿಟ್ಟರೆ ಅದಕ್ಕೆ ಜಾಸ್ತಿ ಏನೂ ಕೇಳುವಂತಿಲ್ಲ. 'ನಮ್ಮ ಷರತ್ತುಗಳಲ್ಲಿ ಬದಲಾವಣೆ' ಅಂತ ಬರುವ ಇಮೇಲ್ ನೋಡದೆ ಅಳಿಸಬೇಡಿ.

ಇನ್ನು ಪ್ರಶ್ನೆಗಳು.

'ಹಾಗಾದರೆ ಕಾರ್ಡೇ ಬೇಡ ಅಂತೀರಾ?' ಅಂತ ಹಿಂದೆ ಕೂತಿದ್ದ ಅಮ್ಮ ಕೇಳಿದರು. ಇಲ್ಲಮ್ಮ. ನನ್ನ ಹತ್ತಿರವೂ ಇದೆ. ಮೋಸ ಆದಾಗ ಡೆಬಿಟ್ ಕಾರ್ಡಿನಲ್ಲಿ ನಿಮ್ಮ ಖಾತೆಯ ದುಡ್ಡು ಹೋಗಿರುತ್ತದೆ, ಕ್ರೆಡಿಟ್ ಕಾರ್ಡಿನಲ್ಲಿ ಬ್ಯಾಂಕಿನ ದುಡ್ಡು. ಆಸ್ಪತ್ರೆಯ ತುರ್ತಿಗೆ ಅನುಕೂಲ. ಸರಿಯಾಗಿ ಕಟ್ಟಿದರೆ ಕ್ರೆಡಿಟ್ ಸ್ಕೋರ್ ಬೆಳೆಯುತ್ತದೆ. ಒಂದೋ ಎರಡೋ ಸಾಕು, ಪ್ರತಿಯೊಂದರ ತಾರೀಖು ಬಾಯಿಗೆ ಬರುವಷ್ಟು. ಬಿಲ್ ತಯಾರಾಗುವ ದಿನವನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಹಕ್ಕು ನಿಮಗಿದೆ. ಪೆನ್ಷನ್ ಒಂದನೇ ತಾರೀಖು ಬರುವವರು ಕಟ್ಟುವ ದಿನ ಐದರ ಆಸುಪಾಸು ಬರುವ ಹಾಗೆ ಮಾಡಿಸಿಕೊಳ್ಳಿ.

'ಅಪ್ಪ ತೀರಿಕೊಂಡರು, ಅವರ ಕಾರ್ಡಿನ ಬಿಲ್ ನಾನು ಕಟ್ಟಬೇಕಾ ಸಾರ್?' ಇದು ಒಬ್ಬ ಹುಡುಗ ಕೇಳಿದ್ದು. ಕಾರ್ಡಿನ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಇರುವುದಿಲ್ಲ. ತಂದೆ ಬಿಟ್ಟುಹೋದ ಆಸ್ತಿಯಿಂದ ಬ್ಯಾಂಕು ಕೇಳಬಹುದು. ಆ ಆಸ್ತಿಯನ್ನು ಮೀರಿ ನಿಮ್ಮ ಸ್ವಂತ ದುಡಿಮೆಯಿಂದ ಕಟ್ಟಬೇಕಾಗಿಲ್ಲ. ಮೊದಲು ಮರಣ ಪತ್ರದ ಜೊತೆ ಬ್ಯಾಂಕಿಗೆ ಬರೆದು ತಿಳಿಸಿ, ಕಾರ್ಡ್ ನಿಲ್ಲಿಸಿ. ತಿಳಿಸದೆ ಬಿಟ್ಟರೆ ಶುಲ್ಕ ಬೆಳೆಯುತ್ತಾ ಹೋಗುತ್ತದೆ. ಅವರ ಕಾರ್ಡಿಗೆ ಜೋಡಿಸಿದ್ದ ಆಡ್ ಆನ್ ಕಾರ್ಡ್ ಅಮ್ಮನ ಹತ್ತಿರ ಇದ್ದರೆ ಅದನ್ನೂ ಬಳಸಬೇಡಿ.

'ಬ್ಯಾಂಕಿನವರು ಮಾತೇ ಕೇಳಲ್ಲ, ಏನು ಮಾಡೋದು?' ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ, ಆನ್‌ಲೈನ್‌ನಲ್ಲೇ ಕೊಡಬಹುದು. ಹೇಗೆ ಅಂತ ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಕೊನೆಯ ಪ್ರಶ್ನೆ ಕಾರ್ಡ್ ಮುಚ್ಚಿಸುವುದು ಹೇಗೆ ಅಂತ. ಮೊದಲು ಪಾಯಿಂಟ್‌ಗಳನ್ನು ಬಳಸಿಬಿಡಿ, ಮುಚ್ಚಿದ ಮೇಲೆ ಸಿಗದೆ ಹೋಗಬಹುದು. ಆ ಕಾರ್ಡಿನಿಂದ ಹೋಗುತ್ತಿರುವ ಒಟಿಟಿ, ಇನ್ಶೂರೆನ್ಸ್, ಫಾಸ್ಟ್ಯಾಗ್ ಎಲ್ಲ ಬೇರೆ ಕಡೆ ಬದಲಿಸಿ. ಬಾಕಿ ಪೂರ್ತಿ ಸೊನ್ನೆ ಮಾಡಿ. ಆಮೇಲೆ ಆ್ಯಪ್, ಇಮೇಲ್, ಸಹಾಯವಾಣಿ ಯಾವುದರಲ್ಲಾದರೂ ಕೋರಿಕೆ ಕೊಡಿ, ಅಂಚೆಯಲ್ಲೇ ಕಳಿಸಿ ಅಂತ ಅವರು ಹಠ ಮಾಡುವಂತಿಲ್ಲ. ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ಬಾಕಿ ಇಲ್ಲದೇ ಇದ್ದೂ ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಕೇಳಿ ತಗೊಳ್ಳಿ. ಮುಚ್ಚಿದ್ದಕ್ಕೆ ಬಾಕಿ ಇಲ್ಲ ಅನ್ನುವ ಪತ್ರ ತರಿಸಿಕೊಳ್ಳಿ. ಎರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಅದರಲ್ಲಿ ಆ ಕಾರ್ಡಿನ ಮುಂದೆ 'ಕ್ಲೋಸ್ಡ್' ಅಂತ ಇರಬೇಕು. 'ಸೆಟಲ್ಡ್' ಅಂತ ಇದ್ದರೆ ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡಿರಿ ಅಂತ ಅರ್ಥ, ತಿದ್ದಿಸಲು ಬರೆಯಿರಿ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.